ಹಳೇ ಮನೆ ಒಡೆದ ಡೆಬ್ರಿಸ್ ಹೊಸ ಮನೆಗೆ ಆಗುತ್ತಾ?

ಓದುಗರ ಪ್ರಶ್ನೆ:

"ಸರ್, ನಮ್ಮದು ಹಳೇ ಮನೆ. ಕೆಳಗಿನ ಭಾಗ ತಾತ ಕಟ್ಟಿಸಿದ್ದು, ಇಟ್ಟಿಗೆ ಗೋಡೆ, ಸುಣ್ಣದ ಗಾರೆ. 1984ರಲ್ಲಿ ಅಪ್ಪ ಹಳೇ ಚಾವಣಿ ತೆಗೆಸಿ ಆರ್‌ಸಿಸಿ ಹಾಕಿಸಿದರು. ಮೇಲೆ ಸಿಮೆಂಟ್ ಗಾರೆಯಲ್ಲಿ ಇನ್ನೊಂದು ಅಂತಸ್ತು ಕಟ್ಟಿಸಿದರು. ಹಿಂಭಾಗದಲ್ಲಿ ಕಲ್ನಾರು ಶೀಟಿನ ಚಾವಣಿ ಇದೆ. ಹಾಲ್‌ಗೆ ನಾವೇ ಪಿಒಪಿ ಸೀಲಿಂಗ್ ಮಾಡಿಸಿದ್ದೆವು. ಈಗ ಎಲ್ಲಾ ಒಡೆದು ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಡೆಬ್ರಿಸ್ ಅಲ್ಲೇ ಪುಡಿ ಮಾಡಿ ನೆಲದ ಕೆಳಗೆ ತುಂಬಿಸೋಣ, ಜಲ್ಲಿ ಬದಲು ತಾರಸಿ ಕಾಂಕ್ರೀಟಿಗೂ ಹಾಕೋಣ, ಹಳೇ ಕಂಬಿ ನೆಟ್ಟಗೆ ಮಾಡಿ ಬಳಸೋಣ ಅಂತ ಕಂಟ್ರಾಕ್ಟರ್ ಹೇಳುತ್ತಾರೆ. ನಮ್ಮ ಇಂಜಿನಿಯರ್ ಒಂದು ಚೂರೂ ಬೇಡ ಅಂತಾರೆ. ಇಷ್ಟೊಂದು ವಸ್ತು ಲಾರಿಗಟ್ಟಲೆ ಹೋಗಿ ಎಲ್ಲೋ ಹಳ್ಳಕ್ಕೆ ಬೀಳುವುದು ನನಗೆ ಇಷ್ಟವಿಲ್ಲ. ಹಾಗಂತ ಮಕ್ಕಳು ಮಲಗುವ ಕೋಣೆಯ ತಲೆ ಮೇಲೆ ಪ್ರಯೋಗ ಮಾಡುವ ಧೈರ್ಯವೂ ಇಲ್ಲ. ಯಾರ ಮಾತು ಕೇಳಲಿ?"

ಉತ್ತರ:

ನಿಮ್ಮ ಕಂಟ್ರಾಕ್ಟರ್ ಮೂರು ಮಾತು ಹೇಳಿದ್ದಾರೆ. ನೆಲದ ಕೆಳಗೆ ತುಂಬುವುದು ಷರತ್ತಿನ ಮೇಲೆ ಸರಿ. ತಾರಸಿ ಕಾಂಕ್ರೀಟಿಗೆ ಹಾಕುವುದು ಪುಸ್ತಕದ ಪ್ರಕಾರ ಸ್ವಲ್ಪ ಮಟ್ಟಿಗೆ ಸರಿ, ನಿಮ್ಮ ಸೈಟಿಗೆ ಬೇಡ. ಕಂಬಿಯ ಮಾತು ಪೂರ್ತಿ ತಪ್ಪು.

ಕಂಬಿಯನ್ನು ಮೊದಲು ಮುಗಿಸಿಬಿಡೋಣ. ಕಾಂಕ್ರೀಟಿನಿಂದ ಕಿತ್ತ ಕಂಬಿ ಕೀಳುವಾಗಲೇ ಬಾಗಿರುತ್ತದೆ. ನೆಟ್ಟಗೆ ಮಾಡುವಾಗ ಇನ್ನೊಮ್ಮೆ ಬಾಗುತ್ತದೆ. ಕಟ್ಟುವ ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಇಲ್ಲೂ ಅದೇ ಕಥೆ. ತುಕ್ಕು ಎಲ್ಲೆಲ್ಲಿ ಎಷ್ಟು ತಿಂದಿದೆ ಅನ್ನುವುದೂ ಕಣ್ಣಿಗೆ ಕಾಣಲ್ಲ. ಗುಜರಿಗೆ ಕೊಟ್ಟುಬಿಡಿ. ಅದು ವ್ಯರ್ಥವಾಗುವುದಿಲ್ಲ. ಕರಗಿ, ಮತ್ತೆ ಹೊಸ ಉಕ್ಕಾಗಿಯೇ ಬರುತ್ತದೆ. ನಿಮ್ಮ ಇಡೀ ಮನೆಯಲ್ಲಿ ಅಷ್ಟು ಸಲೀಸಾಗಿ ಮರುಹುಟ್ಟು ಪಡೆಯುವ ವಸ್ತು ಇನ್ನೊಂದಿಲ್ಲ.

ಇನ್ನು ಉಳಿದದ್ದು ಇಟ್ಟಿಗೆ, ಗಾರೆ, ಕಾಂಕ್ರೀಟು.

ಒಂದು ಹನಿ ನೀರು

ಒಡೆದ ತಾರಸಿಯ ಒಂದು ಚೂರನ್ನು ಅಂಗೈಯಲ್ಲಿ ಹಿಡಿದು ನೋಡಿ. ಒಂದು ಕಡೆ ಹಳೇ ಜಲ್ಲಿಯ ನುಣುಪು ಮುಖ ಕಾಣುತ್ತದೆ. ಅದರ ಸುತ್ತ ಬೂದು ಬಣ್ಣದ ಗಾರೆ ಅಂಟಿಕೊಂಡಿರುತ್ತದೆ. ಈಗ ಜಲ್ಲಿಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಲ್ಲುತ್ತದೆ. ಗಾರೆಯ ಮೇಲೆ ಒಂದು ಹನಿ ಬಿಡಿ. ನೋಡುತ್ತಿದ್ದ ಹಾಗೇ ಒಳಗೆ ಇಂಗಿ, ಕಪ್ಪು ಕಲೆ ಮಾತ್ರ ಉಳಿಯುತ್ತದೆ.

"ಡೆಬ್ರಿಸ್ ಕಾಂಕ್ರೀಟ್ ಬಲ ಇಲ್ಲ" ಅನ್ನುವ ಮಾತು ಹುಟ್ಟಿದ್ದು ಈ ಎರಡನೇ ಹನಿಯಿಂದ. ಒಳಗಿನ ಕಲ್ಲಿಗೆ 40 ವರ್ಷದಲ್ಲಿ ಏನೂ ಆಗಿಲ್ಲ. ಕ್ವಾರಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಇದೆ. ತೊಂದರೆ ಇರುವುದು ಅಂಟಿಕೊಂಡ ಗಾರೆಯಲ್ಲಿ. ಹೊಸ ಜಲ್ಲಿ ಸಾಮಾನ್ಯವಾಗಿ ತನ್ನ ತೂಕದ 0.5ರಿಂದ 2 ಪರ್ಸೆಂಟ್ ನೀರು ಕುಡಿಯುತ್ತದೆ. ಕಾಂಕ್ರೀಟ್ ಚೂರು 3ರಿಂದ 8 ಪರ್ಸೆಂಟ್ ತನಕ ಕುಡಿಯಬಹುದು.

ಇದನ್ನು ಲೆಕ್ಕದಲ್ಲಿ ನೋಡೋಣ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 1,100 ಕೆಜಿ ಜಲ್ಲಿ, 180 ಲೀಟರ್ ನೀರು ಬೇಕು ಅಂದುಕೊಳ್ಳಿ. ಜಲ್ಲಿ ಪೂರ್ತಿ ತೆಗೆದು ಒಣ ಚೂರನ್ನೇ ಹಾಕಿದಿರಿ, ಅದು 5 ಪರ್ಸೆಂಟ್ ನೀರು ಕುಡಿಯುತ್ತದೆ ಅಂತಿಟ್ಟುಕೊಳ್ಳಿ. 55 ಲೀಟರ್ ಮಾಯ! ಮಿಕ್ಸರ್‌ನಲ್ಲಿ ಚೆನ್ನಾಗಿದ್ದ ಕಾಂಕ್ರೀಟು ಮೇಲಕ್ಕೆ ಹೋಗುವಷ್ಟರಲ್ಲಿ ಗಟ್ಟಿಯಾಗುತ್ತದೆ. ಕಂಬಿ ಸಂದಿಗೆ ಇಳಿಯಲ್ಲ. ಆಗ ಸೈಟಿನಲ್ಲಿ ಏನಾಗುತ್ತೆ ಅಂತ ನಿಮಗೂ ಗೊತ್ತು. ಯಾರೋ ಒಬ್ಬರು ಪೈಪ್ ಹಿಡಿದು ಸುಮ್ನೆ ನೀರು ಬಿಡುತ್ತಾರೆ. ಎಷ್ಟು ಬಿಟ್ಟರು ಅಂತ ಯಾರೂ ಅಳೆಯಲ್ಲ. ನಾನು ನೋಡಿದ ಸೋತ ಕೆಲಸಗಳಲ್ಲಿ ಹೆಚ್ಚಿನವು ಸೋತಿದ್ದು ಚೂರಿನಿಂದಲ್ಲ, ಆ ಪೈಪಿನಿಂದ.

ಇದಕ್ಕೆ ಪರಿಹಾರ ಬಹಳ ಸರಳ. ಹಿಂದಿನ ರಾತ್ರಿಯೇ ಚೂರಿನ ರಾಶಿಗೆ ನೀರು ಹಾಯಿಸಿ, ಗೋಣಿಚೀಲ ಮುಚ್ಚಿಡಬೇಕು. ಬೆಳಿಗ್ಗೆ ಅದರ ಹೊಟ್ಟೆ ತುಂಬಿರುತ್ತದೆ, ಮಿಕ್ಸಿನ ನೀರಿಗೆ ಬಾಯಿ ಹಾಕಲ್ಲ. ಮೈಮೇಲೆ ನೀರು ಸುರಿಯುತ್ತಿರಬಾರದು, ಅಷ್ಟೇ.

ನೀರು ಸರಿಯಿದ್ದರೂ ಪೂರ್ತಿ ಚೂರನ್ನೇ ಹಾಕಿದ ಕಾಂಕ್ರೀಟಿನ ಬಲ 10ರಿಂದ 25 ಪರ್ಸೆಂಟ್ ಇಳಿಯುವುದುಂಟು. ಅದಕ್ಕಿಂತ ನನಗೆ ಚಿಂತೆ ಬೇರೆ ಎರಡು ವಿಷಯದ್ದು. ಒಣಗುವಾಗ ಅದು ಜಾಸ್ತಿ ಕುಗ್ಗುತ್ತದೆ. ಭಾರ ಬಿದ್ದಾಗ ಜಾಸ್ತಿ ಬಾಗುತ್ತದೆ. ತಾರಸಿಗೆ ಇವೆರಡೂ ಒಳ್ಳೆಯದಲ್ಲ. ಜಲ್ಲಿಯ ಐದನೇ ಒಂದು ಪಾಲು ಮಾತ್ರ ಬದಲಿಸಿದರೆ ವ್ಯತ್ಯಾಸ ಹೆಚ್ಚುಕಡಿಮೆ ಲೆಕ್ಕಕ್ಕೇ ಬರಲ್ಲ.

ಮಾನದಂಡಗಳು ಮಿತಿ ಹಾಕಿರುವುದೂ ಈ ಕಾರಣಕ್ಕೇ. ಜಲ್ಲಿ, ಮರಳಿಗೆ ಇರುವ ಭಾರತದ ಮಾನದಂಡ ಐಎಸ್ 383, 2016ರ ಪರಿಷ್ಕರಣೆಯಲ್ಲಿ, ಕಾಂಕ್ರೀಟ್ ಒಡೆದು ಮಾಡಿದ ಜಲ್ಲಿಯನ್ನು ಕಂಬಿ ಇರುವ ಕಾಂಕ್ರೀಟಿನಲ್ಲಿ 20 ಪರ್ಸೆಂಟ್ ತನಕ ಒಪ್ಪುತ್ತದೆ. ಅದೂ ಎಂ 25 ದರ್ಜೆಯವರೆಗೆ ಮಾತ್ರ ('ಎಂ' ಪಕ್ಕದ ಸಂಖ್ಯೆ ಕಾಂಕ್ರೀಟಿನ ಬಲದ ಅಳತೆ). ಕಂಬಿ ಇಲ್ಲದ ಕಾಂಕ್ರೀಟಿಗೆ 25 ಪರ್ಸೆಂಟ್. ಎಂ 15ಕ್ಕಿಂತ ಕೆಳಗಿನ, ಸಿಮೆಂಟ್ ಕಡಿಮೆ ಇರುವ ಬಡ ಮಿಶ್ರಣಕ್ಕೆ ಪೂರ್ತಿ 100. ಯುರೋಪಿನ ಕಾಂಕ್ರೀಟ್ ಮಾನದಂಡ ಇಎನ್ 206 ಸ್ವಲ್ಪ ಕೈ ಬಿಚ್ಚಿದೆ. ಶುದ್ಧ ಕಾಂಕ್ರೀಟ್ ಚೂರಾದರೆ ಸಾಧಾರಣ ವಾತಾವರಣದಲ್ಲಿ 30 ಪರ್ಸೆಂಟ್ ಅನ್ನುತ್ತದೆ. ತುಕ್ಕಿನ ಭಯವೇ ಇಲ್ಲದ ಕಡೆ 50.

ಹಾಗಾದರೆ ನಿಮ್ಮ ತಾರಸಿಗೆ 20 ಪರ್ಸೆಂಟ್ ಹಾಕಬಹುದಲ್ವಾ? ನಿಯಮದ ಪ್ರಕಾರ ಹಾಕಬಹುದು. ನಾನು ಬೇಡ ಅನ್ನುತ್ತೇನೆ. ರೆಡಿಮಿಕ್ಸ್ ಘಟಕದಲ್ಲಿ ಜಲ್ಲಿಯ ತೇವ ಅಳೆಯುತ್ತಾರೆ, ಕಾಂಕ್ರೀಟಿನ ಕ್ಯೂಬ್ ಮಾಡಿ ಬಲ ಪರೀಕ್ಷಿಸುತ್ತಾರೆ. ಅಲ್ಲಿಂದ ಪ್ರಮಾಣಪತ್ರದ ಸಮೇತ ಬಂದರೆ ನನ್ನ ತಕರಾರಿಲ್ಲ. ಒಂದು ಮನೆಯ ಸೈಟಿನಲ್ಲಿ ಬಾಂಡ್ಲಿ ಲೆಕ್ಕದಲ್ಲಿ ಕಲಸುವಾಗ 20 ಅಂದದ್ದು ಮಧ್ಯಾಹ್ನದ ಹೊತ್ತಿಗೆ 40 ಆಗಿರುತ್ತದೆ. ನಿಮ್ಮ ಇಂಜಿನಿಯರ್ ಹೆದರಿರುವುದು ಬಹುಶಃ ಇದಕ್ಕೇ.

ಇಟ್ಟಿಗೆ ಚೂರು, ಸಿಮೆಂಟ್ ಪುಡಿ

ಇಟ್ಟಿಗೆ ಚೂರು ಕಾಂಕ್ರೀಟಿಗೆ ನಾಲಾಯಕ್ಕು ಅನ್ನುವವರಿದ್ದಾರೆ. ಕಲ್ಲು ಸಿಗುವುದೇ ಅಪರೂಪವಾದ ಬಾಂಗ್ಲಾದೇಶದಲ್ಲಿ ಇಟ್ಟಿಗೆ ಒಡೆದ ಜಲ್ಲಿಯಲ್ಲೇ ಎಷ್ಟೋ ಕಾಂಕ್ರೀಟ್ ಆಗುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ಊರೂರೇ ಅವಶೇಷದ ಗುಡ್ಡೆಯಾಗಿತ್ತು. ಹೆಂಗಸರು ಸಾಲಾಗಿ ಕೂತು, ಸುತ್ತಿಗೆಯಲ್ಲಿ ಗಾರೆ ಬಿಡಿಸಿ ಇಟ್ಟಿಗೆ ಜೋಡಿಸಿದರು. ಉಳಿದ ಚೂರು ಹೊಸ ಕಟ್ಟಡದ ಕಾಂಕ್ರೀಟಿಗೆ ಹೋಯಿತು. 1951ರಲ್ಲಿ ಅದಕ್ಕೆಂದೇ ಒಂದು ಜರ್ಮನ್ ಮಾನದಂಡ ಬಂತು. ಆದರೆ ಅವು ಇಟ್ಟಿಗೆಯ ಗುಣಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿ ಮಾಡಿದ ಕಾಂಕ್ರೀಟು. ಕಲ್ಲಿನ ಜಲ್ಲಿಗೆ ಮಾಡಿದ ಲೆಕ್ಕದೊಳಗೆ ಇಟ್ಟಿಗೆ ಚೂರು ತೂರಿಸಿದರೆ ಆಗಲ್ಲ. ಹಾಗಾಗಿ ನಿಮ್ಮ ಇಟ್ಟಿಗೆ ಚೂರಿನ ಜಾಗ ನೆಲದ ಕೆಳಗೆ.

ಇನ್ನೊಂದು ನಂಬಿಕೆಯೂ ಇದೆ. ನೀವು ಕೇಳಿಲ್ಲ, ಕಂಟ್ರಾಕ್ಟರ್ ಹೇಳದೇ ಇರಲ್ಲ. ಒಡೆದಾಗ ಬರುವ ಸಣ್ಣ ಪುಡಿಯಲ್ಲಿ ಇನ್ನೂ ಸಿಮೆಂಟ್ ಇದೆ, ಅದನ್ನು ಹಾಕಿದರೆ ಹೊಸ ಸಿಮೆಂಟ್ ಉಳಿಯುತ್ತೆ ಅನ್ನುತ್ತಾರೆ. ಇಲ್ಲ. ನೀರು ಕುಡಿದು ಒಮ್ಮೆ ಗಟ್ಟಿಯಾದ ಸಿಮೆಂಟು ಪುಡಿ ಮಾಡಿದ ಮಾತ್ರಕ್ಕೆ ಮತ್ತೆ ಸಿಮೆಂಟಾಗಲ್ಲ. ಅದಕ್ಕೆ ಬೆಂಕಿ ಬೇಕು. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2024ರಲ್ಲಿ ಹಳೇ ಸಿಮೆಂಟ್ ಪುಡಿಯನ್ನು ಉಕ್ಕು ಕರಗಿಸುವ ವಿದ್ಯುತ್ ಕುಲುಮೆಗೆ, ಉಕ್ಕಿನ ಕಲ್ಮಶ ತೆಗೆಯಲು ಹಾಕುವ ಸುಣ್ಣದ ಬದಲು ಹಾಕಿ, ಮತ್ತೆ ಸಿಮೆಂಟ್ ತೆಗೆದು ತೋರಿಸಿದರು. ಸಂತೋಷದ ಸುದ್ದಿ. ಆದರೆ ನಿಮ್ಮ ಸೈಟಿನಲ್ಲಿ ಕುಲುಮೆ ಇಲ್ಲ. ನುಣ್ಣಗೆ ಅರೆದ ಇಟ್ಟಿಗೆ ಪುಡಿಯ ಕಥೆ ಮಾತ್ರ ಬೇರೆ. ಅದು ಸುಣ್ಣದ ಜೊತೆ ಸೇರಿ ನಿಜವಾಗಿಯೂ ಗಟ್ಟಿಯಾಗುತ್ತದೆ. ಅದನ್ನೇ ನಾವು ಸುರ್ಕಿ ಅನ್ನುವುದು. ರೋಮನ್ನರೂ ನೀರಿನ ತೊಟ್ಟಿಗಳಿಗೆ ಸುಣ್ಣ, ಹೆಂಚಿನ ಪುಡಿಯ ಗಾರೆ ಬಳಿಯುತ್ತಿದ್ದರು.

ನನ್ನ ಒಂದು ತಪ್ಪು

ಇಷ್ಟು ಹೊತ್ತು ಬಲದ ಮಾತಾಯಿತು. ಡೆಬ್ರಿಸ್ ಬಳಸುವಾಗ ನನಗೆ ನಿದ್ದೆಗೆಡಿಸುವುದು ಬಲ ಅಲ್ಲ, ಕಲಬೆರಕೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಗೋದಾಮಿನ ನೆಲದ ಉಸ್ತುವಾರಿ ನನ್ನದಾಗಿತ್ತು. ಕೆಳಗೆ ತುಂಬಲು ಹಳೇ ಕಟ್ಟಡದ ಡೆಬ್ರಿಸ್ ಬಂತು. ನೋಡಲು ಚೆನ್ನಾಗೇ ಇತ್ತು. ಅಲ್ಲಲ್ಲಿ ಬೆಳ್ಳಗಿನ ಚೂರು ಕಂಡವು. ಸುಣ್ಣ ಇರಬೇಕು ಅಂದುಕೊಂಡೆ. ತುಂಬಿ, ರೋಲರ್ ಓಡಿಸಿ, ಮೇಲೆ ಕಾಂಕ್ರೀಟ್ ಹಾಕಿದೆವು. ಎರಡನೇ ಮಳೆಗಾಲ ಮುಗಿದ ಮೇಲೆ ಫೋನ್ ಬಂತು, ಬಾಗಿಲು ನೆಲಕ್ಕೆ ಉಜ್ಜುತ್ತಿದೆ ಅಂತ. ಬಾಗಿಲು ಇಳಿದಿರಬೇಕು ಅಂತ ಬಡಗಿಯನ್ನು ಕರೆದುಕೊಂಡು ಹೋದೆ. ಬಾಗಿಲು ಇಳಿದಿರಲಿಲ್ಲ. ನೆಲ ಎದ್ದಿತ್ತು. ಗೋಡೆ ಪಕ್ಕದಲ್ಲಿ ಮಗುಚಿಟ್ಟ ಬಾಂಡ್ಲಿಯ ಹಾಗೆ ಉಬ್ಬಿ, ನಡುವಿನಿಂದ ನಕ್ಷತ್ರದ ಹಾಗೆ ಬಿರುಕು ಬಿಟ್ಟಿತ್ತು. ಅಗೆದು ನೋಡಿದರೆ ಆ ಬಿಳಿ ಚೂರುಗಳು ಉಗುರಿನಲ್ಲಿ ಕೆರೆದರೆ ಬರುವಷ್ಟು ಮೆತ್ತಗಾಗಿದ್ದವು. ಅವು ಸುಣ್ಣ ಆಗಿರಲಿಲ್ಲ. ಸೀಲಿಂಗಿನ ಜಿಪ್ಸಂ.

ಜಿಪ್ಸಂ ಅಂದರೆ ಸಲ್ಫೇಟು. ನೀರು ಸಿಕ್ಕಿದರೆ ಅದು ಕರಗಿ ಹರಡುತ್ತದೆ. ಸಿಮೆಂಟಿನಲ್ಲಿರುವ ಅಲ್ಯುಮಿನಾ ಜೊತೆ ಸೇರಿ ಸೂಜಿಯಂಥ ಹರಳು ಬೆಳೆಸುತ್ತದೆ. ಹರಳಿಗೆ ಜಾಗ ಜಾಸ್ತಿ ಬೇಕು. ಜಾಗ ಮಾಡಿಕೊಳ್ಳಲು ಅದು ಕಾಂಕ್ರೀಟನ್ನೇ ಎತ್ತುತ್ತದೆ. ಇದು ಇವತ್ತು ಹಾಕಿ ನಾಳೆ ಕಾಣುವ ರೋಗವಲ್ಲ. ಬಿಲ್ಲು ಪಾವತಿಯಾಗಿ, ಎಲ್ಲರೂ ಮರೆತ ಮೇಲೆ ಬರುತ್ತದೆ.

ನಿಮ್ಮ ಹಾಲ್‌ನ ಪಿಒಪಿ ಸೀಲಿಂಗ್ ಅದೇ ವಸ್ತು. ಅದು ಬೇರೆ ಯಾವುದರ ಜೊತೆಗೂ ಬೆರೆಯಬಾರದು.

ಕಲ್ನಾರು ಶೀಟು ಇನ್ನೂ ಕೆಟ್ಟದ್ದು. ಅದು ಕಟ್ಟಡವನ್ನು ಹಾಳು ಮಾಡಲ್ಲ, ಮನುಷ್ಯರನ್ನು ಹಾಳು ಮಾಡುತ್ತದೆ. ಒಡೆದಾಗ ಬರುವ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣ. ಶ್ವಾಸಕೋಶಕ್ಕೆ ಹೋದದ್ದು ಹೊರಗೆ ಬರಲ್ಲ, ಕ್ಯಾನ್ಸರ್ ಹತ್ತಾರು ವರ್ಷ ಬಿಟ್ಟು ಕಾಣಿಸಿಕೊಳ್ಳಬಹುದು. ಶೀಟು ಸುಮ್ನೆ ಮೇಲಿದ್ದರೆ ಅಪಾಯ ಕಡಿಮೆ. ಒಂದು ಶೀಟು ಕ್ರಷರ್‌ಗೆ ಬಿದ್ದರೆ ಇಡೀ ರಾಶಿ ಕೆಟ್ಟಿತು. ಆಮೇಲೆ ಯಾವ ಜರಡಿಯಲ್ಲೂ ಅದನ್ನು ಬೇರೆ ಮಾಡಲು ಆಗಲ್ಲ. ಹಾಗಾಗಿ ನೀರಿನಲ್ಲಿ ನೆನೆಸಿ, ಬೋಲ್ಟು ಬಿಚ್ಚಿ, ಮುರಿಯದೆ ಇಡಿಯಾಗಿ ಇಳಿಸಬೇಕು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಪರವಾನಗಿ ಇರುವವರಿಗೇ ಕೊಡಬೇಕು. ಕೆಲಸದವರಿಗೆ ಮುಖಕ್ಕೆ ಸರಿಯಾಗಿ ಕೂರುವ ಫಿಲ್ಟರ್ ಮಾಸ್ಕು ಬೇಕು. ಬಾಯಿಗೆ ಟವೆಲ್ ಸುತ್ತಿಕೊಂಡರೆ ಸಾಲದು. ಈ ಒಂದು ವಿಷಯದಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಒಡೆಯುವ ಮೊದಲು

ಅದಕ್ಕೇ ಕೇಳುತ್ತೇನೆ, ಮನೆ ಇನ್ನೂ ನಿಂತಿದೆ ತಾನೇ? ಜೆಸಿಬಿ ಬಂದು ಒಂದೇ ದಿನದಲ್ಲಿ ನೆಲಸಮ ಮಾಡಿದರೆ, ಈವರೆಗೆ ಹೇಳಿದ ಎಲ್ಲವೂ ಒಂದೇ ಗುಡ್ಡೆಯಲ್ಲಿ ಕಲಸಿಹೋಗುತ್ತದೆ. ಆಮೇಲೆ ಯಾವ ಯಂತ್ರ ತಂದರೂ ಅದು ಬರೀ ಡೆಬ್ರಿಸ್. ಕಟ್ಟಿದ ಕ್ರಮಕ್ಕೆ ತಿರುಗುಮುರುಗಾಗಿ ಬಿಚ್ಚುತ್ತಾ ಬಂದರೆ ಅದೇ ಗುಡ್ಡೆ ಐದಾರು ವಸ್ತುಗಳಾಗುತ್ತದೆ. ಕೆಲವು ದಿನ ಜಾಸ್ತಿ ಹಿಡಿಯುತ್ತದೆ, ಕೂಲಿಯೂ ಜಾಸ್ತಿ. ಮೊದಲು ಕಲ್ನಾರು. ಆಮೇಲೆ ವೈರು, ಪೈಪು, ಬಾಗಿಲು, ಕಿಟಕಿ, ಗಾಜು. ಆಮೇಲೆ ಪಿಒಪಿ ಕಿತ್ತು, ಗುಡಿಸಿ, ಚೀಲಕ್ಕೆ ತುಂಬಿ ಹೊರಗೆ. ಅಲ್ಲಿಯವರೆಗೆ ಗೋಡೆಗೆ ಸುತ್ತಿಗೆ ಬೀಳಬಾರದು.

ತಾತನ ಕಾಲದ ಇಟ್ಟಿಗೆ ನಿಮ್ಮ ಮನೆಯ ನಿಜವಾದ ಆಸ್ತಿ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗಿರುತ್ತದೆ. ಉಳಿ ಇಟ್ಟು ಎರಡೇಟು ಹಾಕಿದರೆ ಇಟ್ಟಿಗೆ ಇಡಿಯಾಗಿ ಬಿಟ್ಟುಕೊಳ್ಳುತ್ತದೆ. ಮೇಲಿನ ಅಂತಸ್ತಿನದು ಹಾಗೆ ಬರಲ್ಲ. ಸಿಮೆಂಟ್ ಗಾರೆ ಇಟ್ಟಿಗೆಗಿಂತ ಗಟ್ಟಿ, ಗಾರೆ ಬಿಡುವ ಮೊದಲು ಇಟ್ಟಿಗೆಯೇ ಮುರಿಯುತ್ತದೆ. ಕೋಪನ್‌ಹೇಗನ್‌ನಲ್ಲಿ ಇದೇ ತಾಪತ್ರಯ ಬಂದಾಗ ವಾಸ್ತುಶಿಲ್ಪಿಗಳು ಒಂದು ಉಪಾಯ ಮಾಡಿದರು. ಬಿಯರ್ ತಯಾರಿಸುತ್ತಿದ್ದ ಹಳೇ ಕಟ್ಟಡದ ಗೋಡೆಯನ್ನೇ ಚೌಕ ಚೌಕ ತುಂಡುಗಳಾಗಿ ಕತ್ತರಿಸಿ, ಹೊಸ ಮನೆಗಳ ಹೊರಗೋಡೆಗೆ ಜೋಡಿಸಿದರು. ನೀವು ಅಷ್ಟು ಮಾಡಬೇಕಿಲ್ಲ. ಕೆಳಗಿನ ಇಟ್ಟಿಗೆ ಇಡಿಯಾಗಿ ತೆಗೆಸಿ. ಒಂದಕ್ಕೊಂದು ತಟ್ಟಿ ನೋಡಿ. ಕಣಕಣ ಅಂದರೆ ಇಟ್ಟುಕೊಳ್ಳಿ, ಮಂಕಾಗಿ ಸದ್ದು ಬಂದರೆ ಚೂರಿನ ರಾಶಿಗೆ ಹಾಕಿ. ಇಟ್ಟುಕೊಂಡದ್ದು ಕಾಂಪೌಂಡಿಗೆ, ಭಾರ ಹೊರದ ಒಳಗೋಡೆಗೆ ಧಾರಾಳವಾಗಿ ಆಗುತ್ತದೆ. ಮೇಲಿನ ಅಂತಸ್ತಿನ ಇಟ್ಟಿಗೆ ಚೂರಾಗಲಿ.

ಯಾವುದು ಎಲ್ಲಿಗೆ

ನೆಲದ ಕೆಳಗೆ ತುಂಬಲು ಇಟ್ಟಿಗೆ, ಗಾರೆ, ಕಾಂಕ್ರೀಟಿನ ಮಿಶ್ರ ಚೂರು ಚೆನ್ನಾಗೇ ಆಗುತ್ತದೆ. ಷರತ್ತು ಇಷ್ಟು: ಮುಷ್ಟಿಗಿಂತ ದೊಡ್ಡ ಹೆಂಟೆ ಇರಬಾರದು, ಮರ, ಬಟ್ಟೆ, ಪ್ಲಾಸ್ಟಿಕ್, ಜೇಡಿಮಣ್ಣು ಇರಬಾರದು. ಮರ ಕೊಳೆತ ಜಾಗದಲ್ಲಿ ನೆಲ ಕುಸಿಯುತ್ತದೆ, ಜೊತೆಗೆ ಗೆದ್ದಲಿಗೆ ಕರೆದು ಊಟ ಹಾಕಿದ ಹಾಗಾಗುತ್ತದೆ. 150ರಿಂದ 200 ಎಂಎಂ ದಪ್ಪದ ಪದರ ಹರಡಿ, ನೀರು ಚಿಮುಕಿಸಿ, ದಮ್ಮಸ್ ಮಾಡಿ, ಆಮೇಲೆ ಮುಂದಿನ ಪದರ. ಒಂದೇ ಸಲ ಮೂರಡಿ ಸುರಿದು ಮೇಲೆ ನೀರು ಬಿಟ್ಟರೆ ದಮ್ಮಸ್ ಆಗಲ್ಲ. ಕಾಂಕ್ರೀಟ್ ಚೂರಿಗೆ ಇನ್ನೊಂದು ಗುಣವಿದೆ. ಅದರ ಮೇಲೆ ಹರಿದ ನೀರು ತುಂಬಾ ಕ್ಷಾರವಾಗುತ್ತದೆ, ಪಿಎಚ್ 11 ದಾಟಬಹುದು. ಅದೇ ನೀರು ಮುಂದೆ ಸುಣ್ಣದ ಪೊರೆ ಕಟ್ಟುತ್ತದೆ. ಹಾಗಾಗಿ ಬಾವಿ, ಇಂಗುಗುಂಡಿ, ನೀರು ಬಸಿಯುವ ಪೈಪು, ಗಿಡಗಳ ಪಾತಿ, ಇವುಗಳ ಹತ್ತಿರ ಬೇಡ.

ತಾರಸಿಯ ಕಾಂಕ್ರೀಟನ್ನು ಬೇರೆ ರಾಶಿ ಹಾಕಿಸಿ. ಅದಕ್ಕೆ ಸರಿಯಾದ ಜಾಗ ಪಾಯದ ಕೆಳಗಿನ ಮತ್ತು ನೆಲದ ಬೆಡ್ ಕಾಂಕ್ರೀಟು, ಅಂದರೆ ಅಡಿಪದರವಾಗಿ ಹಾಕುವ ಬಡ ಮಿಶ್ರಣ. ಅಲ್ಲಿ ಕಂಬಿ ಇಲ್ಲ, ಬಾಗುವ ಪ್ರಶ್ನೆ ಇಲ್ಲ. ಆದರೆ ಎಲ್ಲಾ ಅಲ್ಲೇ ಖರ್ಚಾಗಲ್ಲ. ನಿಮ್ಮ ಮನೆಯ ಅಳತೆ ಬರೆದಿಲ್ಲ. ಎರಡೂ ತಾರಸಿ ಸೇರಿ 150 ಚದರ ಮೀಟರ್, 125 ಎಂಎಂ ದಪ್ಪ ಅಂದುಕೊಂಡರೆ ಸುಮಾರು 45 ಟನ್ ಕಾಂಕ್ರೀಟು ಬರುತ್ತದೆ. 75 ಚದರ ಮೀಟರ್ ನೆಲಕ್ಕೆ 100 ಎಂಎಂ ಬೆಡ್ ಹಾಕಲು 8-9 ಟನ್ ಜಲ್ಲಿ ಸಾಕು. ಒಂದು ಮನೆಗಾಗಿ ಸೈಟಿಗೆ ಕ್ರಷರ್ ತರಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ. ದೊಡ್ಡ ಯಂತ್ರ ಆ ರಾಶಿಯನ್ನು ಒಂದು ದಿನದಲ್ಲಿ ಮುಗಿಸುತ್ತದೆ. ಅದರಲ್ಲಿ ಒಳ್ಳೇ ಪಾಲು ಸಣ್ಣ ಪುಡಿಯಾಗಿ, ಕಾಂಕ್ರೀಟಿಗೆ ಬಾರದೆ ಉಳಿಯುತ್ತದೆ. ಅಕ್ಕಪಕ್ಕದವರಿಗೆ ಸಿಲಿಕಾ ಧೂಳು ಬೇರೆ.

ಹತ್ತಿರದಲ್ಲಿ ಕಟ್ಟಡ ತ್ಯಾಜ್ಯ ಸಂಸ್ಕರಿಸುವ ಘಟಕ ಇದ್ದರೆ ಕಾಂಕ್ರೀಟನ್ನು ಶುದ್ಧವಾಗಿ ಬೇರ್ಪಡಿಸಿ ಅಲ್ಲಿಗೆ ಕಳಿಸಿ. ಅಲ್ಲಿ ತೊಳೆದು, ಜರಡಿ ಹಿಡಿದು, ಅಯಸ್ಕಾಂತದಲ್ಲಿ ಕಬ್ಬಿಣ ತೆಗೆಯುತ್ತಾರೆ. ವಾಪಸ್ ಬರುವಾಗ ಅಂಗಳದ ಪೇವರ್, ಕರ್ಬ್ ಕಲ್ಲು, ಸಾಲಿಡ್ ಬ್ಲಾಕ್ ಕೊಳ್ಳಿ. ಸಣ್ಣ ಬ್ಲಾಕಿನಲ್ಲಿ ಕಂಬಿ ಇರಲ್ಲ, ಕುಗ್ಗುವಿಕೆಯ ಹೆಚ್ಚಿನ ಪಾಲು ಘಟಕದ ಅಂಗಳದಲ್ಲೇ ಒಣಗುವಾಗ ಮುಗಿದಿರುತ್ತದೆ. ಕುಗ್ಗುವುದು, ಬಾಗುವುದು, ಡೆಬ್ರಿಸ್‌ನ ಈ ಎರಡೂ ದೋಷ ಅಲ್ಲಿ ಕಾಡುವುದು ಕಡಿಮೆ. ಬ್ಲಾಕ್ ಮೇಲೆ "ಪರಿಸರಸ್ನೇಹಿ" ಅಂತ ಬರೆದಿದೆಯಾ ನೋಡಬೇಡಿ, ಬಲ ಮತ್ತು ನೀರು ಹೀರುವಿಕೆಯ ಪರೀಕ್ಷಾ ವರದಿ ಕೇಳಿ.

ಆ ಪದದ ಬಗ್ಗೆ ಒಂದು ಮಾತು. ಡೆಬ್ರಿಸ್ ಬಳಸಿದರೆ ಇಂಗಾಲ ಭಾರಿ ಉಳಿಯುತ್ತೆ ಅನ್ನುವುದು ಅರ್ಧ ಸತ್ಯ. ಕಾಂಕ್ರೀಟಿನ ಇಂಗಾಲದಲ್ಲಿ ದೊಡ್ಡ ಪಾಲು ಸಿಮೆಂಟಿನದು, ಜಲ್ಲಿಯದು ಸಣ್ಣದು. ಚೂರಿನ ಬಲದ ಕೊರತೆ ತುಂಬಲು ಒಂದು ಚೀಲ ಸಿಮೆಂಟ್ ಜಾಸ್ತಿ ಹಾಕಿದರೆ ಆ ಉಳಿತಾಯವೂ ಹೋಯಿತು. ಉಳಿಯುವುದು ಬೆಟ್ಟ, ನದಿಯ ಮರಳು, ಮತ್ತೆ ನೀವು ಹೇಳಿದ ಹಳ್ಳ. ನನಗೆ ಅಷ್ಟೇ ಕಾರಣ ಸಾಕು.

ಚೂರನ್ನು ಬೆಡ್‌ಗೆ ಹಾಕುವ ಮೊದಲು ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಹೇಳುತ್ತೇನೆ. ರಾಶಿಯ ನಾಲ್ಕೈದು ಕಡೆಯಿಂದ ತೆಗೆದ 10 ಕೆಜಿ ಚೂರನ್ನು ಬಿಳಿ ಬಟ್ಟೆ ಮೇಲೆ ಹರಡಿ ಕೈಯಲ್ಲೇ ವಿಂಗಡಿಸಿ. ಕಾಂಕ್ರೀಟು, ಇಟ್ಟಿಗೆ, ಟೈಲು, ಉಳಿದದ್ದು. ಪ್ರಯೋಗಾಲಯದಲ್ಲೂ ಹೀಗೇ ಮಾಡುತ್ತಾರೆ, ನಗಬೇಡಿ. 'ಉಳಿದದ್ದು' ಒಂದು ಹಿಡಿಗಿಂತ ಜಾಸ್ತಿ ಬಂದರೆ ರಾಶಿ ಶುದ್ಧವಾಗಿಲ್ಲ. ಆಮೇಲೆ ಚೆನ್ನಾಗಿ ಒಣಗಿಸಿದ ಒಂದು ಕೆಜಿ ಕಾಂಕ್ರೀಟ್ ಚೂರನ್ನು 24 ಗಂಟೆ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿ. 1,050 ಗ್ರಾಂ ಬಂದರೆ ಅದು 5 ಪರ್ಸೆಂಟ್ ಕುಡಿದಿದೆ ಅಂತ ಅರ್ಥ. 100 ಗ್ರಾಂ ಏರಿದರೆ ಅದನ್ನು ಕಾಂಕ್ರೀಟಿಗೆ ಬಿಟ್ಟು ನೆಲದ ಕೆಳಗೆ ಕಳಿಸಿ. ಸಲ್ಫೇಟ್ ಮತ್ತು ಕಂಬಿಗೆ ತುಕ್ಕು ಹಿಡಿಸುವ ಕ್ಲೋರೈಡ್, ಇವುಗಳ ಪರೀಕ್ಷೆ ಮಾತ್ರ ಪ್ರಯೋಗಾಲಯದಲ್ಲೇ ಆಗಬೇಕು.

ಇಂಜಿನಿಯರ್ ಹತ್ತಿರ ಹೋಗುವಾಗ "ಡೆಬ್ರಿಸ್ ಬಳಸಬಹುದಾ" ಅಂತ ಕೇಳಬೇಡಿ, ಆ ಪ್ರಶ್ನೆಗೆ ಅವರು ಮತ್ತೆ ಬೇಡ ಅಂತಲೇ ಅನ್ನುತ್ತಾರೆ. ಆ ವಿಂಗಡಣೆಯ ಬಟ್ಟೆಯ ಫೋಟೊ, ಸಲ್ಫೇಟ್ ವರದಿ ಮುಂದಿಟ್ಟು, "ಈ ಚೂರನ್ನು ಬೆಡ್‌ಗೆ ಹಾಕಿದರೆ ನಿಮ್ಮ ತಕರಾರು ಏನು" ಅಂತ ಕೇಳಿ. ತಕರಾರು ಹೇಳಿದರೆ ಅದನ್ನು ಕೇಳಿಸಿಕೊಳ್ಳಿ. ನಿಮ್ಮ ಮಣ್ಣು, ನಿಮ್ಮ ಪಾಯ ನೋಡಿದವರು ಅವರು, ನಾನಲ್ಲ.